ಪಾಟಿಯಿಂದ ಟ್ಯಾಬ್ಲೆಟ್ಟಿಗೆ: ತರಗತಿಯಲ್ಲಿ ಓದು ಮತ್ತು ಸೃಜನಶೀಲತೆ

ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಪಾಟಿ ಬಳಪಗಳ ನೆನಪು ಇಂದಿಗೂ ಹಸಿರಾಗಿರಬಹುದು. ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದೆಂಬ ಧೈರ್ಯವೇ ಆ ಕಲ್ಲಿನ ಹಲಗೆಯ ದೊಡ್ಡ ಗುಣವಾಗಿತ್ತು. ದಾನಿಗಳ ಔದಾರ್ಯದಿಂದ ನಮ್ಮ ಪ್ರಾಥಮಿಕ ವಿಭಾಗಕ್ಕೆ ಟ್ಯಾಬ್ಲೆಟ್ಟುಗಳು ಬಂದಾಗ ನನಗೆ ಮೊದಲು ಹೊಳೆದುದು ಈ ಸಾಮ್ಯವೇ. ಆದರೆ ಸಾಮ್ಯವು ಹೊಳೆದಷ್ಟು ಬೇಗ ಉಪಯೋಗದ ಕ್ರಮ ಹೊಳೆಯಲಿಲ್ಲ. ಒಡೆದಾವೆಂಬ ಭಯದಿಂದ ಮೊದಲ ಕೆಲವು ತಿಂಗಳು ಅವು ಬೀರುವಿನಲ್ಲಿಯೇ ಉಳಿದವು. ಹೊರತೆಗೆದ ಮೇಲೆ ಮಗುವಿಗೊಂದರಂತೆ ಕೊಟ್ಟು, ತರಗತಿ ನಿಶ್ಶಬ್ದವಾದುದನ್ನೇ ಕಲಿಕೆಯೆಂದು ಭ್ರಮಿಸಿದೆವು.

ಉಪಕರಣವೊಂದೇ ಓದು ಕಲಿಸಬಲ್ಲುದೇ ಎಂಬ ಪ್ರಶ್ನೆಯನ್ನು ನಮಗಿಂತ ಮೊದಲೇ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದವರಿದ್ದಾರೆ. ಮಕ್ಕಳು ತಾವಾಗಿಯೇ ಓದು, ಬರಹ, ಲೆಕ್ಕಗಳನ್ನು ಕಲಿಯಬಲ್ಲ ತಂತ್ರಾಂಶಕ್ಕಾಗಿ ಎಕ್ಸ್‌ಪ್ರೈಜ್ ಪ್ರತಿಷ್ಠಾನವು 2014ರಲ್ಲಿ ಒಂದು ಸ್ಪರ್ಧೆಯನ್ನು ಸಾರಿತು. ಅಂತಿಮ ಸುತ್ತಿಗೆ ಬಂದ ಐದು ತಂಡಗಳ ತಂತ್ರಾಂಶಗಳನ್ನು ತಾಂಜಾನಿಯ ದೇಶದ ಟಾಂಗಾ ಪ್ರಾಂತದ ಹಳ್ಳಿಗಳಲ್ಲಿ ಸುಮಾರು 3,000 ಮಕ್ಕಳ ಕೈಗಿತ್ತು 15 ತಿಂಗಳು ಪರೀಕ್ಷಿಸಲಾಯಿತು. ಸೂರ್ಯಶಕ್ತಿಯಿಂದ ಟ್ಯಾಬ್ಲೆಟ್ಟುಗಳಿಗೆ ವಿದ್ಯುತ್ತು ತುಂಬುವ ವ್ಯವಸ್ಥೆ ಅಲ್ಲಿತ್ತು. ಆ ಐದು ತಂಡಗಳಲ್ಲಿ ನಮ್ಮ ಬೆಂಗಳೂರಿನ ಚಿಂಪಲ್ ಕೂಡ ಒಂದಾಗಿದ್ದುದು ಅಭಿಮಾನದ ಸಂಗತಿ. 2019ರ ಮೇ ತಿಂಗಳಲ್ಲಿ ಒನ್‌ಬಿಲಿಯನ್ ಮತ್ತು ಕಿಟ್‌ಕಿಟ್ ಸ್ಕೂಲ್ ಎಂಬ ಎರಡು ತಂಡಗಳು 1 ಕೋಟಿ ಡಾಲರುಗಳ ಬಹುಮಾನವನ್ನು ಸಮನಾಗಿ ಹಂಚಿಕೊಂಡವು.

ಆ ಮಕ್ಕಳಲ್ಲಿ ಶೇಕಡಾ 74 ಮಂದಿ ಶಾಲೆಯ ಮುಖವನ್ನೇ ಕಂಡಿರಲಿಲ್ಲವೆಂದು ವರದಿಯಾಗಿತ್ತು. ಶೇಕಡಾ 90ಕ್ಕೂ ಹೆಚ್ಚು ಮಕ್ಕಳು ಸ್ವಾಹಿಲಿ ಭಾಷೆಯ ಒಂದು ಪದವನ್ನೂ ಓದಲಾರದವರಾಗಿದ್ದರು. ಪ್ರಯೋಗ ಮುಗಿದಾಗ ಈ ಪ್ರಮಾಣ ಅರ್ಧಕ್ಕಿಳಿದಿತ್ತು. ಗುರುವಿಲ್ಲದ ಎಡೆಯಲ್ಲಿ ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಅದೇ ಲೆಕ್ಕವನ್ನು ಇನ್ನೊಂದು ಮಗ್ಗುಲಿನಿಂದ ನೋಡಿದರೆ, ಹದಿನೈದು ತಿಂಗಳ ನಂತರವೂ ಒಂದು ಪದವನ್ನೂ ಓದಲಾರದೆ ಉಳಿದ ಮಕ್ಕಳು ನೂರಕ್ಕೆ ನಲವತ್ತಕ್ಕಿಂತ ಕಡಿಮೆಯಿರಲಿಲ್ಲ. ಯಂತ್ರ ಬಂದಿತೆಂದು ಅಧ್ಯಾಪಕರ ಸಂಖ್ಯೆಯನ್ನು ಕಡಿಮೆ ಮಾಡಬಹುದೆನ್ನುವವರು ಈ ಎರಡನೆಯ ಮಗ್ಗುಲನ್ನು ಅವಶ್ಯವಾಗಿ ನೋಡಬೇಕು.

ನಮ್ಮಲ್ಲಿ ಈಗ ನಾಲ್ವರು ಮಕ್ಕಳಿಗೆ ಒಂದು ಟ್ಯಾಬ್ಲೆಟ್. ಓದಿಗೆ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನ ಕನ್ನಡ ಕಥೆಗಳನ್ನು ಆರಿಸಿಕೊಂಡಿದ್ದೇವೆ. ಅಲ್ಲಿ ಕಥೆಗಳನ್ನು ಓದಿನ ಕಠಿಣತೆಗೆ ಅನುಸಾರವಾಗಿ ನಾಲ್ಕು ಹಂತಗಳಲ್ಲಿ ವಿಂಗಡಿಸಲಾಗಿದೆ. ಮುಕ್ತ ಪರವಾನಗಿ ಇರುವುದರಿಂದ ಕರ್ತೃವಿನ ಹೆಸರನ್ನು ಉಳಿಸಿಕೊಂಡು ಯಾರಾದರೂ ಅವುಗಳನ್ನು ಮುದ್ರಿಸಬಹುದು, ಅನುವಾದಿಸಬಹುದು. ಧ್ವನಿಯೊಡನೆ ಪದಗಳು ಬಣ್ಣ ಬದಲಿಸುವ ಕಥೆಗಳೂ ಅಲ್ಲುಂಟು. ಇವುಗಳ ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ಮಗುವಿನ ಕಿವಿ ಬಹಳ ಚುರುಕು. ಎರಡು ಸಲ ಕೇಳಿದ ಕಥೆಯನ್ನು ಅದು ಅಕ್ಷರದತ್ತ ಕಣ್ಣು ಹಾಯಿಸದೆಯೇ ಒಪ್ಪಿಸಿಬಿಡುತ್ತದೆ. ಒತ್ತಕ್ಷರ ಬಂದೆಡೆ ತಡವರಿಸುವ ಅವಕಾಶವೇ ಅದಕ್ಕೆ ದೊರೆಯುವುದಿಲ್ಲ. ಆದುದರಿಂದ ಮೊದಲು ಧ್ವನಿಯಿಲ್ಲದೆ ಓದಿಸಿ, ಆಮೇಲೆ ಕೇಳಿಸುವುದು ನಮ್ಮ ಪದ್ಧತಿ.

ಸೃಜನಶೀಲತೆಯ ಮಾತು ಬಂದಾಗ ಸ್ಕ್ರ್ಯಾಚ್ ಜೂನಿಯರ್ ಎಂಬ ಉಚಿತ ತಂತ್ರಾಂಶವನ್ನು ಹೆಸರಿಸಲೇಬೇಕು. ಅಮೆರಿಕದ ಎಂ.ಐ.ಟಿ. ಮತ್ತು ಟಫ್ಟ್ಸ್ ವಿಶ್ವವಿದ್ಯಾಲಯದ ತಜ್ಞರು ಇತರರೊಡಗೂಡಿ ರೂಪಿಸಿದ ಇದು 2014ರಲ್ಲಿ ಬಂದಿತು. ಐದರಿಂದ ಏಳು ವರ್ಷದ ಮಕ್ಕಳನ್ನು ಉದ್ದೇಶಿಸಿದ್ದು. ಚಿತ್ರದ ತುಣುಕುಗಳನ್ನು ಒಂದಕ್ಕೊಂದು ಜೋಡಿಸಿದರೆ ಪಾತ್ರಗಳು ನಡೆಯುತ್ತವೆ, ಕುಣಿಯುತ್ತವೆ. ಪಾತ್ರಗಳನ್ನು ಮಗುವೇ ಬರೆಯಬಹುದು, ತನ್ನ ಧ್ವನಿಯನ್ನು ಸೇರಿಸಬಹುದು. ಒಂದು ಕಥೆಗೆ ನಾಲ್ಕೇ ಪುಟ. ಈ ಮಿತಿಯೇ ಒಂದು ವರವೆಂದು ನನ್ನ ಎಣಿಕೆ. ಏನನ್ನು ಬಿಡಬೇಕೆಂಬುದನ್ನು ಮಕ್ಕಳು ಜಗಳವಾಡಿ ನಿರ್ಧರಿಸುತ್ತಾರೆ.

ಎರಡನೆಯ ಇಯತ್ತೆಯ ಒಂದು ಗುಂಪು ಊರಿನ ತೇರಿನ ಕಥೆಯನ್ನು ಮಾಡಿತು. ಆ ಗುಂಪಿನಲ್ಲಿ ತರಗತಿಯಲ್ಲಿ ಬಾಯಿಬಿಡದ ಹುಡುಗಿಯೊಬ್ಬಳಿದ್ದಳು. ಪುಸ್ತಕ ಕೊಟ್ಟು ಓದೆಂದರೆ ತಲೆ ತಗ್ಗಿಸುತ್ತಿದ್ದವಳು, ಮೂವರು ಗೆಳತಿಯರ ನಡುವೆ ತಾನೇ ಬರೆದ ಎರಡು ವಾಕ್ಯಗಳನ್ನು ಓದಿ ಧ್ವನಿ ಸೇರಿಸಿದಳು. ಕೇಳಿದಳು, ಸರಿಯೆನಿಸಲಿಲ್ಲ, ಅಳಿಸಿದಳು. ಹೀಗೆ ಒಂಬತ್ತು ಸಲ. ಅಷ್ಟು ಸಲ ಓದಿಸಲು ನಾನು ಪ್ರಯತ್ನಿಸಿದ್ದರೆ ಅವಳು ಮರುದಿನ ಶಾಲೆಗೇ ಬರುತ್ತಿರಲಿಲ್ಲವೇನೋ! ಪಾಟಿಯ ಆ ಹಳೆಯ ಧೈರ್ಯವನ್ನು ಅಂದು ನಾನು ಮತ್ತೆ ಕಂಡೆ.

ದಾನಿಗಳಲ್ಲಿ ಒಂದು ಬಿನ್ನಹವುಂಟು. ಇನ್ನಷ್ಟು ಟ್ಯಾಬ್ಲೆಟ್ಟುಗಳು ಸದ್ಯಕ್ಕೆ ಬೇಡ. ಮಕ್ಕಳ ಕಥೆಗಳನ್ನು ಕಾಗದದ ಮೇಲೆ ಮುದ್ರಿಸಲು ಒಂದು ಪ್ರಿಂಟರು ಮತ್ತು ಅಧ್ಯಾಪಕರಿಗೆ ವಾರಕ್ಕೆ ಒಂದು ಅವಧಿಯ ಬಿಡುವು ದೊರೆತರೆ ಸಾಕು. ತೇರಿನ ಕಥೆಯನ್ನು ಪೇಟೆಯಲ್ಲಿ ಮುದ್ರಿಸಿ, ದಾರದಿಂದ ಹೊಲಿದು ಗ್ರಂಥಾಲಯದಲ್ಲಿ ಇಟ್ಟಿದ್ದೇವೆ. ಅದರ ಅಂಚುಗಳು ಈಗಾಗಲೇ ಮಾಸಿವೆ.