ಸಂದರ್ಶನದ ಮಾತಿಗೆ ಸಾಫ್ಟ್‌ವೇರ್: ವಿಂಗಡಣೆ ಹಂತ ಹಂತವಾಗಿ

ಸಂದರ್ಶನ, ಗುಂಪು ಚರ್ಚೆಗಳ ಮಾತನ್ನು ವಿಂಗಡಿಸಿ ಹೋಲಿಸಲು ಹಲವು ಸಾಫ್ಟ್‌ವೇರ್‌ಗಳಿವೆ. ಎನ್‌ವಿವೊ, ಅಟ್ಲಾಸ್.ಟಿಐ, ಮ್ಯಾಕ್ಸ್‌ಕ್ಯುಡಿಎಗಳನ್ನು ಹಣ ಕೊಟ್ಟು ಪಡೆಯಬೇಕು. ಟ್ಯಾಗೆಟ್, ಕ್ವಾಲ್‌ಕೋಡರ್ ಉಚಿತ. ಮಾತಿನ ಅರ್ಥ ಹಿಡಿಯುವ ಹೊಣೆ ಸಂಶೋಧಕರದೇ. ಗುರುತಿಸಿದ ಭಾಗಗಳನ್ನು ಕೇಳಿದಾಗ ಒಟ್ಟುಮಾಡಿ ಕೊಡುವುದು ಸಾಫ್ಟ್‌ವೇರಿನ ಮುಖ್ಯ ಕೆಲಸ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡ ಕುಟುಂಬಗಳನ್ನು ತಾಳಗುಪ್ಪ, ಸಾಗರ, ಹೊಸನಗರ, ತೀರ್ಥಹಳ್ಳಿ ಸುತ್ತ ಮಾತನಾಡಿಸುವ ಅಧ್ಯಯನವೊಂದನ್ನು ಉದಾಹರಣೆಯಾಗಿ ಇಟ್ಟುಕೊಂಡರೆ ಹಂತಗಳು ಹೀಗಿರುತ್ತವೆ.

1. ಬರಹಕ್ಕಿಳಿಸುವುದು: ಧ್ವನಿಮುದ್ರಣವನ್ನು ಆಡಿದ ಹಾಗೆಯೇ ಬರೆಯಬೇಕು. ಯಂತ್ರ ಬರೆದುಕೊಟ್ಟ ಪ್ರತಿಯಲ್ಲಿ ಮಲೆನಾಡಿನ ಆಡುಮಾತು ತಪ್ಪಾಗಿ ದಾಖಲಾಗುವ ಸಾಧ್ಯತೆ ಹೆಚ್ಚು. ಅದನ್ನು ಮುದ್ರಣ ಕೇಳುತ್ತಲೇ ತಿದ್ದಬೇಕು. ಗುಂಪು ಚರ್ಚೆಯಲ್ಲಿ ಯಾರು ಆಡಿದ್ದೆಂಬುದು ಪ್ರತಿ ಮಾತಿನ ಮುಂದೆ ಇರಲಿ.

2. ಯೂನಿಕೋಡ್: ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ ಸಾಫ್ಟ್‌ವೇರಿನೊಳಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಬೇಕು. ಪಿಡಿಎಫ್‌ನಲ್ಲಿ ಕನ್ನಡದ ಒತ್ತಕ್ಷರಗಳು ಕಲಸಿಹೋಗುವುದುಂಟು. ವರ್ಡ್ ಅಥವಾ ಸಾದಾ ಪಠ್ಯದ ಕಡತವೇ ಲೇಸು.

3. ಗುರುತು ಮರೆಸುವುದು: ಹೆಸರು ಬದಲಿಸಿದರೆ ಸಾಲದು. ಸಣ್ಣ ಊರಿನಲ್ಲಿ ಮನೆತನ, ಕಸುಬು, ತೋಟದ ಜಾಗ ಹೇಳಿದರೂ ವ್ಯಕ್ತಿ ಯಾರೆಂದು ತಿಳಿಯುತ್ತದೆ. ಜಮೀನಿನ ಹಕ್ಕು ಇತ್ಯರ್ಥವಾಗದ ಕುಟುಂಬಗಳಿಗೆ ಇದರಿಂದ ತೊಂದರೆಯಾಗಬಹುದು. ಕಡತಗಳು ಬೇರೆಯವರ ಕೈಸೇರದಂತೆಯೂ ನೋಡಿಕೊಳ್ಳಬೇಕು: ಟ್ಯಾಗೆಟ್ ಜಾಲತಾಣದ ಮೂಲಕವೂ ಸಿಗುತ್ತದೆ. ಇಂಥ ಮಾಹಿತಿಗೆ ಅದನ್ನು ಸ್ವಂತ ಕಂಪ್ಯೂಟರಿನಲ್ಲಿ ಅಳವಡಿಸಿಕೊಂಡು ಬಳಸುವುದು ಕ್ಷೇಮ.

4. ಕೋಡ್ ಹಾಕುವುದು: ವಾಕ್ಯವನ್ನು ಆಯ್ದು ಅದಕ್ಕೆ ಕೊಡುವ ಹೆಸರೇ ಕೋಡ್. ‘ಹಕ್ಕುಪತ್ರ ಇಲ್ಲದೆ ಸಾಲ ಸಿಗುವುದಿಲ್ಲ’ ಎಂಬಂಥ ಮಾತಿಗೆ ‘ಭೂಮಿಯ ದಾಖಲೆ’, ‘ಸಾಲ’ ಎಂಬ ಎರಡು ಕೋಡ್ ಹಾಕಬಹುದು. ಮೊದಲ ಕೆಲವು ಸಂದರ್ಶನಗಳಿಂದ ಪಟ್ಟಿ ಮಾಡಿ, ಪ್ರತಿ ಕೋಡ್‌ಗೆ ಏನು ಸೇರುತ್ತದೆ, ಏನು ಸೇರದು ಎಂಬ ವಿವರಣೆ ಬರೆಯಬೇಕು. ಇಲ್ಲಿ ‘ಮುಳುಗಡೆ’ ಎಂಬ ಒಂದೇ ಕೋಡ್ ಸಾಲದು: ಲಿಂಗನಮಕ್ಕಿಗೆ ಮುಂಚೆ ಹಿರೇಭಾಸ್ಕರ ಅಣೆಕಟ್ಟಿತ್ತು, ಹೊಸನಗರ, ತೀರ್ಥಹಳ್ಳಿ ಕಡೆಯವರ ಮಾತಿನಲ್ಲಿ ಮುಳುಗಡೆ ಎಂದರೆ ವಾರಾಹಿ ಯೋಜನೆಯದೂ ಆಗಿರಬಹುದು. 1964ರಲ್ಲಿ ಪ್ರಾಯದವರಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. ಹಾಗಾಗಿ ‘ಕಣ್ಣಾರೆ ಕಂಡದ್ದು’, ‘ಹಿರಿಯರಿಂದ ಕೇಳಿದ್ದು’ ಎಂದು ಬೇರೆ ಬೇರೆ ಗುರುತಿಸುವುದು ಅಗತ್ಯ.

5. ತಾಳೆ ನೋಡುವುದು: ಒಂದೇ ಸಂದರ್ಶನಕ್ಕೆ ಇಬ್ಬರು ಬೇರೆ ಬೇರೆಯಾಗಿ ಕೋಡ್ ಹಾಕಿ ಹೋಲಿಸಬೇಕು. ಕ್ವಾಲ್‌ಕೋಡರ್ ಇಬ್ಬರ ಹೊಂದಾಣಿಕೆಯನ್ನು ಲೆಕ್ಕ ಹಾಕಿ ತೋರಿಸುತ್ತದೆ. ಭಿನ್ನತೆ ಹೆಚ್ಚಿದ್ದ ಕಡೆ ಕೋಡ್‌ನ ವಿವರಣೆಯನ್ನು ತಿದ್ದಿ, ಹಿಂದಿನ ಕಡತಗಳನ್ನೂ ಮತ್ತೆ ನೋಡಬೇಕು.

6. ಹುಡುಕಿ ಹೋಲಿಸುವುದು: ವಯಸ್ಸು, ಊರು, ಲಿಂಗದಂಥ ವಿವರಗಳನ್ನು ಪ್ರತಿ ವ್ಯಕ್ತಿಯ ಜೊತೆ ಸೇರಿಸಿದರೆ ಒಂದು ಕೋಡ್ ಯಾರ ಮಾತಿನಲ್ಲಿ ಹೆಚ್ಚೆಂಬುದು ತಿಳಿಯುತ್ತದೆ. ಪದ ಹುಡುಕಾಟವನ್ನು ಪೂರ್ತಿ ನಂಬುವಂತಿಲ್ಲ. ‘ಹಕ್ಕುಪತ್ರ’ ಎಂದು ಹುಡುಕಿದರೆ ಅದನ್ನೇ ‘ಪಟ್ಟಾ’ ಅಥವಾ ‘ಕಾಗದ’ ಎಂದವರ ಮಾತು ಸಿಗದು. ಗುಂಪು ಚರ್ಚೆಯ ಎಣಿಕೆಯಲ್ಲೂ ಎಚ್ಚರ ಬೇಕು: ಒಬ್ಬರೇ ಐದು ಸಲ ಹೇಳಿದ್ದು ಐವರ ಅಭಿಪ್ರಾಯವಲ್ಲ, ಉಳಿದವರು ಸುಮ್ಮನಿದ್ದದ್ದು ಒಪ್ಪಿಗೆಯೂ ಅಲ್ಲ.

7. ವರದಿ, ಸಂಗ್ರಹ: ಒಂದು ಕೋಡ್‌ನಡಿ ಬಂದ ಮಾತುಗಳನ್ನೆಲ್ಲ ಕಡತವಾಗಿ ಪಡೆದು, ಬಹುಪಾಲಿಗೆ ಹೊಂದದ ಮಾತುಗಳನ್ನೂ ಸೇರಿಸಿ ವರದಿ ಬರೆಯಬೇಕು. ಕೋಡ್ ಪಟ್ಟಿ ಅನುಬಂಧದಲ್ಲಿರಲಿ. ರೆಫಿ-ಕ್ಯುಡಿಎ ಎಂಬ ಸಾಮಾನ್ಯ ಮಾದರಿಯಲ್ಲಿ ಉಳಿಸಿದರೆ ಕೋಡ್ ಹಾಕಿದ ಕೆಲಸವನ್ನು ಆ ಮಾದರಿ ಒಪ್ಪುವ ಬೇರೆ ಸಾಫ್ಟ್‌ವೇರಿನಲ್ಲೂ ಮುಂದುವರಿಸಬಹುದು. ಮೂಲ ಧ್ವನಿಮುದ್ರಣವನ್ನು ಎಷ್ಟು ಕಾಲ ಇಡಬೇಕು, ಯಾರು ಕೇಳಬಹುದು ಎಂಬುದನ್ನು ಮಾತನಾಡಿದವರು ಕೊಟ್ಟ ಒಪ್ಪಿಗೆಯಂತೆಯೇ ನಿರ್ಧರಿಸಬೇಕು.