ತೆರಿಗೆಯ ಓಲೆ

ರಾಜ್ಯವಿರುವಲ್ಲೆಲ್ಲ ತೆರಿಗೆಯೂ ಉಂಟು. ನಮ್ಮ ನಾಡಿನ ಶಿಲಾಶಾಸನಗಳಲ್ಲಿ ಸಿದ್ಧಾಯ, ಸುಂಕ ಮೊದಲಾದ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ರಸ್ತೆ, ಶಾಲೆ, ಆಸ್ಪತ್ರೆ, ಗಡಿಯ ಕಾವಲು ಇವೆಲ್ಲಕ್ಕೂ ಬೊಕ್ಕಸದ ಹಣವೇ ಆಧಾರ. ಆದರೆ ಅರಸರ ಕಾಲದ ತೆರಿಗೆಗೂ ಪ್ರಜಾಪ್ರಭುತ್ವದ ತೆರಿಗೆಗೂ ಒಂದು ಮುಖ್ಯ ಭೇದವಿದೆ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಕೂಡದು, ವಸೂಲು ಮಾಡಕೂಡದು ಎಂದು ನಮ್ಮ ಸಂವಿಧಾನದ 265ನೆಯ ವಿಧಿಯು ಸಾರುತ್ತದೆ. ತೆರಿಗೆ ಕೊಡುವುದು ಪ್ರಜೆಯ ಕರ್ತವ್ಯ. ನ್ಯಾಯವಾದುದನ್ನು ಮಾತ್ರ ಕೇಳುವುದು ಸರ್ಕಾರದ ಕರ್ತವ್ಯ.

1857ರ ಹೋರಾಟದ ಬಳಿಕ ಬರಿದಾಗಿದ್ದ ಬೊಕ್ಕಸವನ್ನು ತುಂಬಲು ಜೇಮ್ಸ್ ವಿಲ್ಸನ್ ಎಂಬ ಆಂಗ್ಲ ಅಧಿಕಾರಿಯು 1860ರಲ್ಲಿ ಭಾರತದಲ್ಲಿ ಆದಾಯ ತೆರಿಗೆಯನ್ನು ಜಾರಿಗೆ ತಂದನು. ಸ್ವತಂತ್ರ ಭಾರತದ 1961ರ ಆದಾಯ ತೆರಿಗೆ ಕಾಯಿದೆಯು ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. ತಿದ್ದುಪಡಿಗಳ ಮೇಲೆ ತಿದ್ದುಪಡಿಗಳು ಸೇರಿ ಅದರ ಭಾಷೆ ಬಹಳ ಜಟಿಲವಾಗಿತ್ತು. ಅದರ ಸ್ಥಾನದಲ್ಲಿ, 2025ರಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಕಾಯಿದೆಯು 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು.

ಈ ನಿಯಮಗಳು ಸಾಮಾನ್ಯ ಸಂಸಾರವನ್ನು ಹೇಗೆ ಮುಟ್ಟುತ್ತವೆ? ಒಬ್ಬ ಶಾಲಾ ಶಿಕ್ಷಕಿಯನ್ನು ಕಲ್ಪಿಸಿಕೊಳ್ಳೋಣ. ಆಕೆಯ ಸಂಬಳದ ತೆರಿಗೆ ಕೈಗೆ ಹಣ ಬರುವ ಮೊದಲೇ ಕಡಿತವಾಗುತ್ತದೆ. ಮಗಳ ವಿದ್ಯಾಭ್ಯಾಸಕ್ಕೆಂದು ಬ್ಯಾಂಕಿನಲ್ಲಿಟ್ಟ ಠೇವಣಿಗೆ ಒಂದು ವರ್ಷ 60,000 ರೂಪಾಯಿ ಬಡ್ಡಿ ಬಂದಿತು. ಬ್ಯಾಂಕು ಅದರಲ್ಲಿ ಶೇಕಡ 10ರಂತೆ 6,000 ರೂಪಾಯಿಗಳನ್ನು ಹಿಡಿದು ಸರ್ಕಾರಕ್ಕೆ ಕಟ್ಟಿತು. ತೆರಿಗೆ ತೀರಿತೆಂದು ನಂಬಿದ ಆಕೆ, ತನ್ನ ಆದಾಯದ ವಿವರಪಟ್ಟಿಯಲ್ಲಿ ಆ ಬಡ್ಡಿಯನ್ನು ಕಾಣಿಸಲಿಲ್ಲ. ಆದರೆ ಆಕೆಗೆ ಅನ್ವಯಿಸುವ ದರ ಶೇಕಡ 20 ಆಗಿದ್ದರೆ, ಉಪಕರವನ್ನು ಬಿಟ್ಟರೂ ಇನ್ನು 6,000 ರೂಪಾಯಿ ಬಾಕಿ ಉಳಿಯುತ್ತದೆ. ಆಕೆಯಲ್ಲಿ ವಂಚನೆಯ ಎಣಿಕೆಯಿರಲಿಲ್ಲ. ನಿಯಮ ತಿಳಿದಿರಲಿಲ್ಲ, ಅಷ್ಟೆ. ಕೆಲವು ತಿಂಗಳುಗಳ ಅನಂತರ ಇಲಾಖೆಯಿಂದ ನೋಟೀಸು ಬರುತ್ತದೆ.

ನೋಟೀಸೆಂದೊಡನೆ ಮನೆಮಂದಿಗೆಲ್ಲ ದಿಗಿಲು. ಕೆಲವರು ಅದನ್ನು ಓದದೆಯೇ ಮಡಿಸಿಡುತ್ತಾರೆ. ಇದು ತರವಲ್ಲ. 2009ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕೇಂದ್ರವೊಂದರಲ್ಲಿ ದೇಶದ ಎಲ್ಲ ಕಡೆಗಳಿಂದ ಬರುವ ವಿವರಪಟ್ಟಿಗಳನ್ನು ಗಣಕಯಂತ್ರಗಳು ಪರಿಶೀಲಿಸುತ್ತವೆ. ಬ್ಯಾಂಕು ಹೇಳಿದ ಅಂಕಿಗೂ ನಾವು ಹೇಳಿದ ಅಂಕಿಗೂ ಹೊಂದಿಕೆಯಾಗದಿದ್ದರೆ ಪ್ರಶ್ನೆ ಏಳುತ್ತದೆ. ಇಂತಹ ನೋಟೀಸು ಶಿಕ್ಷೆಯಲ್ಲ, ಉತ್ತರವನ್ನು ಬೇಡುವ ಒಂದು ಪ್ರಶ್ನೆ. ಲೆಕ್ಕವನ್ನು ತಿದ್ದುವ ಮುನ್ನ ಉತ್ತರಿಸಲು 30 ದಿನಗಳ ಅವಕಾಶವಿರುತ್ತದೆ. ಸುಮ್ಮನಿದ್ದರೆ ಇಲಾಖೆಯ ಲೆಕ್ಕವೇ ನಿಲ್ಲುತ್ತದೆ. ಬಳಿಕ ಬಂದ ಬೇಡಿಕೆಯನ್ನು ಗಡುವಿನೊಳಗೆ ಸಲ್ಲಿಸದಿದ್ದರೆ ತಿಂಗಳಿಗೆ ಶೇಕಡ 1ರಂತೆ ಬಡ್ಡಿಯೂ ಬೆಳೆಯುತ್ತದೆ.

ತಪ್ಪು ಯಾವಾಗಲೂ ಪ್ರಜೆಯದೇ ಆಗಿರಬೇಕೆಂದಿಲ್ಲ. ಸಂಬಳದಿಂದ ತೆರಿಗೆ ಹಿಡಿದವರು ಅದನ್ನು ಸರಿಯಾಗಿ ದಾಖಲಿಸದಿದ್ದರೆ, ಒಮ್ಮೆ ತೆತ್ತವನಿಗೇ ಮತ್ತೆ ಬೇಡಿಕೆ ಬರುತ್ತದೆ. ಕಡತಗಳಲ್ಲಿದ್ದ ಹಳೆಯ ಬಾಕಿಗಳನ್ನು ಗಣಕಯಂತ್ರಕ್ಕೆ ಏರಿಸಿದಾಗ ಹೀಗೆಯೇ ತೊಡಕುಗಳಾದವು. ಅನೇಕರಿಗೆ ಹಿಂದಿರುಗಬೇಕಾಗಿದ್ದ ಹಣವನ್ನು, ಅವರನ್ನು ಕೇಳದೆಯೇ ಆ ಬಾಕಿಗಳಿಗೆ ವಜಾ ಮಾಡಿಕೊಳ್ಳಲಾಯಿತು. 2012ರಲ್ಲಿ ಲೆಕ್ಕಪರಿಶೋಧಕರೊಬ್ಬರು ಈ ಸಂಕಷ್ಟವನ್ನು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಪತ್ರಮುಖೇನ ತಿಳಿಸಿದರು. ನ್ಯಾಯಾಲಯವು ಆ ಪತ್ರವನ್ನೇ ಅರ್ಜಿಯೆಂದು ಭಾವಿಸಿ ವಿಚಾರಣೆ ನಡೆಸಿತು. ತೆರಿಗೆದಾರನಿಗೆ ಮೊದಲು ತಿಳಿಸಿ, ಅವನ ಉತ್ತರವನ್ನು ಪರಿಶೀಲಿಸಿದ ಮೇಲೆಯೇ ಹಣವನ್ನು ವಜಾ ಮಾಡಿಕೊಳ್ಳಬೇಕೆಂದು 2013ರ ಮಾರ್ಚ್ 14ರಂದು ತೀರ್ಪಿತ್ತಿತು. ಒಂದು ಪತ್ರ ಸಾವಿರಾರು ಮನೆಗಳ ಅಳಲಿಗೆ ದನಿಯಾಯಿತು.

ಇಂದು ಇಲಾಖೆಯ ಹೆಸರಿನಲ್ಲಿ ಸುಳ್ಳು ಪತ್ರಗಳನ್ನು ಕಳುಹಿಸಿ ಹಣ ಸೆಳೆಯುವವರೂ ಇದ್ದಾರೆ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಗುರುತಿನ ಸಂಖ್ಯೆಯೊಂದನ್ನು ನೀಡುವ ಪದ್ಧತಿ ಬಂದಿತು. ಆ ಸಂಖ್ಯೆಯನ್ನು ಇಲಾಖೆಯ ಜಾಲತಾಣದಲ್ಲಿ ಪರೀಕ್ಷಿಸಿ ಪತ್ರದ ಸಾಚಾತನವನ್ನು ಅರಿಯಬಹುದು.

ಬ್ಯಾಂಕಿನ ಬಡ್ಡಿಪತ್ರ, ಸಂಬಳದ ಪ್ರಮಾಣಪತ್ರ, ರಶೀತಿಗಳು ನೋಡಲು ಬರಿಯ ಕಾಗದಗಳು. ಆದರೆ ಪ್ರಶ್ನೆ ಬಂದ ದಿನ ಅವೇ ಪ್ರಾಮಾಣಿಕನ ಪರವಾಗಿ ಸಾಕ್ಷಿ ನುಡಿಯುತ್ತವೆ. ಅವನ್ನು ಜೋಪಾನವಾಗಿಡುವುದು, ಬಂದ ಓಲೆಯನ್ನು ಓದುವುದು, ಕಾಲಕ್ಕೆ ಸರಿಯಾಗಿ ಉತ್ತರಿಸುವುದು ಈ ಮೂರೂ ನಾಗರಿಕನ ವಿದ್ಯೆಗಳೇ ಆಗಿವೆ. ಭಯದಿಂದ ತೆರುವವನು ಬರಿಯ ಪ್ರಜೆ. ಅರಿತು ತೆರುವವನು, ಅನ್ಯಾಯವಾದಾಗ ವಿನಯದಿಂದ ಪ್ರಶ್ನಿಸುವವನು ನಿಜವಾದ ನಾಗರಿಕ.

ಅಭ್ಯಾಸ

1. ಸಂವಿಧಾನದ 265ನೆಯ ವಿಧಿಯು ಏನನ್ನು ಸಾರುತ್ತದೆ?
2. ಬ್ಯಾಂಕು ತೆರಿಗೆ ಹಿಡಿದಿದ್ದರೂ ಶಿಕ್ಷಕಿಗೆ ನೋಟೀಸು ಬಂದುದೇಕೆ?
3. ‘ನೋಟೀಸು ಶಿಕ್ಷೆಯಲ್ಲ, ಉತ್ತರವನ್ನು ಬೇಡುವ ಒಂದು ಪ್ರಶ್ನೆ’ ಈ ಮಾತನ್ನು ವಿವರಿಸಿರಿ.