ಬಿಯರ್ ಪಾತ್ರೆಯಲ್ಲಿ ಜೌಲನ ನಿಯಮ

ಇಂಗ್ಲೆಂಡಿನ ಸಾಲ್ಫರ್ಡಿನಲ್ಲಿ 1818ರಲ್ಲಿ ಜನಿಸಿದ ಜೇಮ್ಸ್ ಪ್ರೆಸ್ಕಾಟ್ ಜೌಲನು ಬಿಯರ್ ತಯಾರಕನ ಮಗ. ತಂತಿಯಲ್ಲಿ ಹುಟ್ಟುವ ಶಾಖವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದೆಂದು ತೋರಿಸಿದವನು ಅವನೇ. ಆ ದೇಶದಲ್ಲಿ 1963ರಿಂದ ಸ್ವಂತ ಬಳಕೆಯ ಬಿಯರ್ ತಯಾರಿಕೆಗೆ ಪರವಾನಗಿ ಬೇಕಿಲ್ಲ; ಇಂದು ಅಲ್ಲಿನ ಅನೇಕ ಮನೆಗಳಲ್ಲಿ ಈ ನಿಯಮವೇ ಬಿಯರ್ ಪಾತ್ರೆಯನ್ನು ಕಾಯಿಸುತ್ತಿದೆ.

ಕಲಿಯುವವರು ಬಳಸುವ ಈ ಒಂದೇ ಪಾತ್ರೆಯಲ್ಲಿ ಧಾನ್ಯವನ್ನು ನೆನೆಸುವುದು, ಸೋಸುವುದು, ಕುದಿಸುವುದು ಎಲ್ಲವೂ ನಡೆಯುತ್ತದೆ. ತಳದಲ್ಲಿ ಹೀಟರು, ಒಳಗೆ ಜಾಲರಿಯ ಬುಟ್ಟಿ, ಜೊತೆಗೆ ಪಂಪು ಮತ್ತು ಉಷ್ಣತಾಮಾಪಕ ಇರುತ್ತವೆ. 25 ಲೀಟರ್ ನೀರನ್ನು 20ರಿಂದ 65 ಡಿಗ್ರಿ ಸೆಂಟಿಗ್ರೇಡಿಗೆ ಏರಿಸಬೇಕೆನ್ನೋಣ. 25 × 45 × 4.2, ಅಂದರೆ 4,725 ಕಿಲೋಜೌಲ್ ಶಾಖ ಬೇಕು. ನಷ್ಟವನ್ನು ಬಿಟ್ಟರೆ, 2 ಕಿಲೋವಾಟಿನ ಹೀಟರಿಗೆ ಇದು ಸುಮಾರು 40 ನಿಮಿಷಗಳ ಕೆಲಸ.

ಆ ಉಷ್ಣತೆಯನ್ನು ಒಂದು ಗಂಟೆ ಕಾಪಾಡುವುದೇ ಕಠಿಣ. ಮೊಳೆತ ಬಾರ್ಲಿಯ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. 63 ಡಿಗ್ರಿಯ ಬಳಿ ಹುದುಗಬಲ್ಲ ಸಕ್ಕರೆ ಹೆಚ್ಚು. 70ರ ಬಳಿ ಹುದುಗದ ದೊಡ್ಡ ಅಣುಗಳು ಹೆಚ್ಚು ಉಳಿಯುತ್ತವೆ. 80 ದಾಟಿದರೆ ಕಿಣ್ವಗಳೇ ಬಲುಬೇಗ ನಾಶವಾಗುತ್ತವೆ. ತಳ ಬಿಸಿಯಾಗಿ ಮೇಲ್ಭಾಗ ತಣ್ಣಗಿರಬಾರದೆಂದೇ ಪಂಪು ದ್ರವವನ್ನು ಸುತ್ತಿಸುತ್ತದೆ. ಬಳಿಕ ಧಾನ್ಯವನ್ನು ಸೋಸಿ ತೆಗೆದು, ರಸವನ್ನು ಹಾಪ್ ಹೂವಿನೊಡನೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸುವರು.

ಶಾಖ ಬೇರೆ, ಉಷ್ಣತೆ ಬೇರೆ ಎಂದು ನಾವು ತರಗತಿಯಲ್ಲಿ ಓದುತ್ತೇವೆ. ಹೀಟರು ಕೊಡುವುದು ಶಾಖವನ್ನು. ಕಿಣ್ವಗಳು ಕೇಳುವುದು ಉಷ್ಣತೆಯನ್ನು.